ವೈ ಒತ್ತಿ, ಮುಂದೆ ಹೋಗಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಓನರ್ ಎಂಬ ತನಿಖಾಧಿಕಾರಿಯ ಪರಿಚಯ ಇದ್ದೇ ಇರುತ್ತದೆ. ಯಾವ ಊರು, ಯಾವ ಕಂಪನಿ, ಮದುವೆ ಆಗಿದೆಯಾ, ಆಗಿಲ್ಲವಾದರೆ ಯಾಕೆ ಆಗಿಲ್ಲ, ಮನೇಲಿ ಮೀನು ಗೀನು ಮಾಡ್ತೀರಾ, ಊರಿಂದ ನೆಂಟರು ಬಂದರೆ ಎಷ್ಟು ದಿನ ಇರ್ತಾರೆ, ಆಧಾರ್ ಜೆರಾಕ್ಸ್ ತಂದಿದ್ದೀರಾ. ಇಷ್ಟಕ್ಕೂ ತಲೆಬಾಗಿ ಉತ್ತರ ಕೊಟ್ಟು, ಅಡ್ವಾನ್ಸ್ ಎಣಿಸಿ, ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕಿ ಒಳಗೆ ಬಂದ ಸಾಫ್ಟ್‌ವೇರ್ ಹುಡುಗ ಅದೇ ರಾತ್ರಿ ಲ್ಯಾಪ್‌ಟಾಪ್ ತೆರೆದು ಒಂದು ಸಾಲು ಟೈಪ್ ಮಾಡುತ್ತಾನೆ: ‘ಸುಡೊ ಆಪ್ಟ್ ಇನ್‌ಸ್ಟಾಲ್’, ಅದರ ಮುಂದೆ ಯಾವುದೋ ಒಂದು ಹೆಸರು. ಕಪ್ಪು ಪರದೆ ಮರ್ಯಾದೆಯಿಂದ ಕೇಳುತ್ತದೆ: ನೀವು ಕರೆದದ್ದು ಒಬ್ಬರನ್ನು, ಜೊತೆಗೆ ಇನ್ನೂ ನಲವತ್ತು ಮಂದಿ ಬರುತ್ತಿದ್ದಾರೆ, ಇಷ್ಟಿಷ್ಟು ಜಾಗ ಹಿಡಿಯುತ್ತಾರೆ, ಮುಂದುವರಿಯಲಾ? ಹುಡುಗ ವೈ ಒತ್ತುತ್ತಾನೆ. ಆ ನಲವತ್ತು ಮಂದಿ ಯಾವ ಊರಿನವರು, ಎಷ್ಟು ದಿನ ಇರುತ್ತಾರೆ, ಒಳಗೆ ಬಂದು ಏನು ಮಾಡುತ್ತಾರೆ ಎಂದು ಕೇಳುವ ಗೋಜಿಗೆ ಅವನು ಹೋಗುವುದಿಲ್ಲ.

‘ಸುಡೊ’ ಎನ್ನುವುದು ಯಂತ್ರದ ಸರ್ವಾಧಿಕಾರವನ್ನೇ ಆ ಹೊತ್ತಿಗೆ ಬಿಟ್ಟುಕೊಡುವ ಕಮಾಂಡು. ಮೊದಲ ಸಲ ಬಳಸುವವರಿಗೆ ಅದು ಸಣ್ಣದೊಂದು ಪ್ರವಚನವನ್ನೂ ಕೊಡುತ್ತದೆ. ಬೇರೆಯವರ ಖಾಸಗಿತನಕ್ಕೆ ಬೆಲೆ ಕೊಡು, ಟೈಪ್ ಮಾಡುವ ಮುಂಚೆ ಯೋಚನೆ ಮಾಡು, ಅಧಿಕಾರ ದೊಡ್ಡದಾದಷ್ಟೂ ಹೊಣೆಯೂ ದೊಡ್ಡದು, ಹೀಗೆ ಮೂರು ಬೋಧನೆ. ನಮ್ಮ ಮಂತ್ರಿಗಳು ಪ್ರಮಾಣವಚನವನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೋ ಅಷ್ಟೇ ಹಚ್ಚಿಕೊಂಡು ನಾವು ಪಾಸ್‌ವರ್ಡ್ ಹೊಡೆಯುತ್ತೇವೆ.

ಹಳಬರನ್ನು ಕೇಳಿದರೆ ತೊಂಬತ್ತರ ದಶಕದ ಗೋಳು ತೆಗೆಯುತ್ತಾರೆ. ಆಗ ಸಣ್ಣದೊಂದು ಪ್ರೋಗ್ರಾಂ ಬೇಕೆಂದರೂ ಅದರ ಮೂಲ ಕೋಡಿನ ಗಂಟನ್ನು ಇಳಿಸಿಕೊಂಡು, ಬಿಚ್ಚಿ, ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಮಂತ್ರ ಹೇಳಬೇಕಿತ್ತು. ಮೊದಲ ಮಂತ್ರಕ್ಕೇ ಯಾವುದೋ ಲೈಬ್ರರಿ ಇಲ್ಲವೆಂದು ಅದು ರಚ್ಚೆ ಹಿಡಿಯುತ್ತಿತ್ತು. ಆ ಲೈಬ್ರರಿ ತಂದರೆ ಅದಕ್ಕೆ ಇನ್ನೊಂದು ಬೇಕು. ಆ ಇನ್ನೊಂದಕ್ಕೆ, ನೀವು ನಿನ್ನೆ ಕಷ್ಟಪಟ್ಟು ಹಾಕಿದ್ದರ ಹಳೆಯ ಆವೃತ್ತಿಯೇ ಆಗಬೇಕು. ಇದಕ್ಕೆ ಡಿಪೆಂಡೆನ್ಸಿ ನರಕ ಎಂದೇ ಹೆಸರು. ಯಾವುದಕ್ಕೆ ಯಾವ ಆವೃತ್ತಿ ಕೂಡಿಬರುತ್ತದೆ ಎಂಬ ಲೆಕ್ಕ ಗಣಕಶಾಸ್ತ್ರದವರು ಎನ್‌ಪಿ ಕಂಪ್ಲೀಟ್ ಎನ್ನುವ ಜಾತಿಗೆ ಸೇರಿದ್ದು. ಎಲ್ಲ ಸಂದರ್ಭಕ್ಕೂ ಸಲ್ಲುವ ಚುರುಕಾದ ಉಪಾಯ ಈವರೆಗೆ ಯಾರಿಗೂ ಸಿಕ್ಕಿಲ್ಲ. ಪ್ಯಾಕೇಜು ಎಂಬ ಸಿದ್ಧ ಗಂಟುಗಳನ್ನು ತಂದು ಹಾಕುವ ಆಪ್ಟ್ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸಿ ನಮ್ಮ ಮುಂದಿಡುತ್ತದೆ. ಬಿಡಿಸಲು ಆಗದ ದಿನ ಮಾತ್ರ, ಮುರಿದ ಪ್ಯಾಕೇಜುಗಳನ್ನು ನೀವೇ ಹಿಡಿದಿಟ್ಟುಕೊಂಡಿದ್ದೀರಿ ಎಂದು ತಪ್ಪನ್ನು ನಮ್ಮ ತಲೆಗೇ ಕಟ್ಟಿ ಕೈ ತೊಳೆದುಕೊಳ್ಳುತ್ತದೆ. ತಾಲ್ಲೂಕು ಕಚೇರಿಯ ಅನುಭವ ಇರುವವರಿಗೆ ಇದರಲ್ಲಿ ಹೊಸತೇನೂ ಕಾಣದು.

ಆಪ್ಟಿನ ತವರಾದ ಡೆಬಿಯನ್ ಎಂಬ ಲಿನಕ್ಸ್ ಯೋಜನೆಯನ್ನು 1993ರಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಆರಂಭಿಸಿದ. 1999ರಲ್ಲಿ ಬಂದ ಅದರ 2.1 ಆವೃತ್ತಿಯಲ್ಲಿ ಆಪ್ಟ್ ಜನರ ಕೈಗೆ ಸಿಕ್ಕಿತು. ನ್ಯಾಯವಾಗಿ ಒಂದು ಮಾತು ಹೇಳಬೇಕು, ಡೆಬಿಯನ್ ಮಂದಿ ನಮ್ಮ ಓನರುಗಳ ಪಂಗಡದವರು. ಅಲ್ಲಿ ಡೆವಲಪರ್ ಆಗಬೇಕಾದರೆ ಈಗಾಗಲೇ ಒಳಗಿರುವವರನ್ನು ಮುಖತಃ ಭೇಟಿಯಾಗಿ, ಪಾಸ್‌ಪೋರ್ಟೋ ಇನ್ನಾವುದೋ ಸರ್ಕಾರಿ ಗುರುತಿನ ಚೀಟಿಯೋ ತೋರಿಸಿ, ತಮ್ಮ ಡಿಜಿಟಲ್ ಕೀಲಿಗೆ ಅವರ ಸಹಿ ಹಾಕಿಸಿಕೊಳ್ಳುವ ಪದ್ಧತಿ ಬೆಳೆದುಬಂದಿದೆ. 2023ರಲ್ಲಿ ಇವರ ವಾರ್ಷಿಕ ಜಾತ್ರೆ ಡೆಬ್‌ಕಾನ್ಫ್ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೆಯಿತು. ಹೀಗೆ ಸಹಿ ಬಿದ್ದ ಭಂಡಾರದಿಂದ ಬಂದ ಪ್ಯಾಕೇಜಿನ ಮೇಲೆ ನಂಬಿಕೆ ಇಡುವುದಕ್ಕೆ ಕಾರಣವಾದರೂ ಇದೆ. ಆದರೆ ಆ ಸಹಿ ಹೇಳುವುದು ಇಷ್ಟೇ: ಈ ಗಂಟು ನಮ್ಮಿಂದಲೇ ಹೊರಟದ್ದು, ದಾರಿಯಲ್ಲಿ ಯಾರೂ ಬಿಚ್ಚಿಲ್ಲ. ಗಂಟಿನೊಳಗೆ ಏನಿದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಆಮೇಲೆ ನೋಡೋಣ.

ಇಂಥ ಗಂಭೀರ ಜನ ತಮ್ಮ ಆಪ್ಟಿನೊಳಗೆ ಒಂದು ಹಸುವನ್ನೂ ಕಟ್ಟಿದ್ದಾರೆ. ‘ಆಪ್ಟ್‌-ಗೆಟ್ ಮೂ’ ಎಂದು ಕೊಟ್ಟರೆ ಅಕ್ಷರಗಳಲ್ಲೇ ಬಿಡಿಸಿದ ಹಸುವೊಂದು ಪರದೆಗೆ ಬಂದು, ಇವತ್ತು ಅಂಬಾ ಅಂದೆಯಾ ಎಂದು ವಿಚಾರಿಸುತ್ತದೆ. ಆಪ್ಟಿನ ಒಡಹುಟ್ಟು ಆಪ್ಟಿಟ್ಯೂಡನ್ನು ಕೇಳಿದರೆ, ಈ ಪ್ರೋಗ್ರಾಮಿನಲ್ಲಿ ಅಂಥ ಚೇಷ್ಟೆಗಳು ಯಾವುವೂ ಇಲ್ಲ ಎಂದು ಮುಖ ಗಂಟಿಕ್ಕಿಕೊಂಡು ಹೇಳುತ್ತದೆ. ಒತ್ತಾಯ ಮಾಡುತ್ತ ಹೋದರೆ ಒಂದೊಂದೇ ಮೆಟ್ಟಿಲು ಇಳಿದು ಬಾಯಿ ಬಿಡುತ್ತದೆ. ನಮ್ಮ ರಾಜಕಾರಣಿಗಳ ಪತ್ರಿಕಾಗೋಷ್ಠಿಗಿಂತ ಇದು ವಾಸಿ, ಕೊನೆಗಾದರೂ ಒಪ್ಪಿಕೊಳ್ಳುತ್ತದೆ.

ವೈ ಒತ್ತುವುದು ಎಷ್ಟು ಕೈಗೆ ಕೂತುಬಿಟ್ಟಿದೆ ಎನ್ನುವುದಕ್ಕೆ 2021ರ ನವೆಂಬರಿನಲ್ಲಿ ಜಗತ್ತಿಗೆ ಒಂದು ಪ್ರಾತ್ಯಕ್ಷಿಕೆ ಸಿಕ್ಕಿತು. ಕೆನಡಾದ ಹೆಸರಾಂತ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಸಾಮಾನ್ಯ ಬಳಕೆದಾರನಾಗಿ ಲಿನಕ್ಸ್ ಹೇಗಿರುತ್ತದೆ ನೋಡೋಣವೆಂದು ಪಾಪ್ ಓಎಸ್ ಎಂಬ ಲಿನಕ್ಸ್ ಹಾಕಿಕೊಂಡ. ಆಟ ಆಡಲು ಸ್ಟೀಮ್ ಬೇಕಿತ್ತು. ಆಪ್ಟಿಗೆ ಹೇಳಿದ. ಆ ದಿನ ಪ್ಯಾಕೇಜಿನಲ್ಲಿ ಒಂದು ತೊಡಕು ಇದ್ದದ್ದರಿಂದ ಆಪ್ಟ್ ಲೆಕ್ಕ ಹಾಕಿ ನೋಡಿ, ಸ್ಟೀಮ್ ಬರಬೇಕಾದರೆ ಡೆಸ್ಕ್‌ಟಾಪೇ ಹೊರಗೆ ಹೋಗಬೇಕು ಎಂಬ ತೀರ್ಮಾನಕ್ಕೆ ಬಂತು. ಇದು ಅನಾಹುತ ಎಂದು ಅದಕ್ಕೂ ಗೊತ್ತು. ಹಾಗಾಗಿ ಬರೀ ವೈ ಸಾಲದು, ‘ಹೌದು, ನಾನು ಹೇಳಿದಂತೆ ಮಾಡು!’ ಎಂಬ ಪೂರ್ತಿ ವಾಕ್ಯವನ್ನು ಕೊನೆಯ ಆಶ್ಚರ್ಯಸೂಚಕದ ಸಮೇತ ಟೈಪ್ ಮಾಡಬೇಕು ಎಂದು ಪಟ್ಟು ಹಿಡಿಯಿತು. ಆತ ಟೈಪ್ ಮಾಡಿದ, ಆಶ್ಚರ್ಯಸೂಚಕವನ್ನೂ ಬಿಡದೆ. ಕಿಟಕಿ, ಮೆನು, ಐಕಾನು ಎಲ್ಲ ಮಾಯವಾಗಿ ಕಪ್ಪು ಪರದೆಯಲ್ಲಿ ಲಾಗಿನ್ ಕೇಳುವ ಒಂದು ಸಾಲು ಉಳಿಯಿತು. ಲಕ್ಷಾಂತರ ಜನ ನೋಡಿ ನಕ್ಕರು. ನಕ್ಕವರಲ್ಲಿ ಎಷ್ಟು ಮಂದಿ ಮೇಲಿನ ಎಚ್ಚರಿಕೆಯನ್ನು ಓದುವವರು ಎಂದು ಅವರ ಎದೆ ಮುಟ್ಟಿ ಕೇಳಬೇಕು. ಆಪ್ಟ್ ಬರೆಯುವವರು ಆಮೇಲೆ ಬಾಗಿಲಿಗೆ ಇನ್ನೊಂದು ಚಿಲಕ ಜಡಿದರು.

ಪೈಥಾನ್ ಭಾಷೆಯ ಮಂದಿ ಬೇರೆ ಉಪಾಯ ಹೂಡಿದರು. ಡೆಬಿಯನ್ 12 ಬಂದ 2023ರಿಂದ ಪಿಪ್ ಎಂಬ ಅವರ ಪ್ಯಾಕೇಜ್ ಮ್ಯಾನೇಜರು, ವ್ಯವಸ್ಥೆಗೆ ಸೇರಿದ ಪೈಥಾನನ್ನು ಮುಟ್ಟಲು ಒಪ್ಪುವುದಿಲ್ಲ. ಬೇಕಾದರೆ ಪ್ರತ್ಯೇಕ ಆವರಣ ಕಟ್ಟಿಕೊಂಡು ಅಲ್ಲಿ ಆಡಿಕೋ ಎನ್ನುತ್ತದೆ. ಇಲ್ಲ, ಇಲ್ಲೇ ಬೇಕು ಎನ್ನುವವರಿಗಾಗಿ ಒಂದು ಆಯ್ಕೆ ಇಟ್ಟಿದ್ದಾರೆ: ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’. ವ್ಯವಸ್ಥೆಯನ್ನು ಮುರಿ ಎಂದೇ ಅದರ ಹೆಸರು. ಹೆಸರು ಓದಿಯಾದರೂ ಜನ ಹೆದರಲಿ ಎಂಬ ಲೆಕ್ಕಾಚಾರ ಅವರದು. ಪಾಪ, ಅವರಿಗೆ ನಮ್ಮ ಕಾಪಿ ಪೇಸ್ಟ್ ಪರಂಪರೆ ಗೊತ್ತಿಲ್ಲ. ಎಲ್ಲೋ ಸಿಕ್ಕ ಉತ್ತರದಿಂದ ಆ ಸಾಲನ್ನು ಎತ್ತಿ ತಂದು ಅಂಟಿಸುವಾಗ ಅದರ ಅರ್ಥ ನೋಡುವವರು ಯಾರು? ಕೆಲಸ ಆಯಿತಲ್ಲ, ಟಿಕೆಟ್ ಮುಚ್ಚಿತಲ್ಲ.

ಮ್ಯಾಕ್ ಬಳಸುವ ಸ್ಥಿತಿವಂತರ ದಾರಿ ಬೇರೆ, ಅವರು ಹೋಮ್‌ಬ್ರೂ ಭಕ್ತರು. ಅಲ್ಲಿ ಎಲ್ಲವೂ ಹೆಂಡದ ಪರಿಭಾಷೆ. ಪ್ಯಾಕೇಜು ತಯಾರಿಸುವ ವಿಧಾನಕ್ಕೆ ಫಾರ್ಮುಲಾ, ಇಟ್ಟುಕೊಳ್ಳುವ ಜಾಗಕ್ಕೆ ಸೆಲ್ಲರ್, ಸಿದ್ಧವಾಗಿ ಬಂದದ್ದಕ್ಕೆ ಬಾಟ್ಲ್, ಹೊರಗಿನ ಭಂಡಾರಕ್ಕೆ ಟ್ಯಾಪ್. ಇನ್‌ಸ್ಟಾಲ್ ಮಾಡುವಾಗ ಸುರಿಯುತ್ತಿದ್ದೇನೆ ಎನ್ನುತ್ತದೆ, ಮುಗಿದ ಮೇಲೆ ನೊರೆ ಉಕ್ಕುವ ಬಿಯರ್ ಮಗ್ಗಿನ ಚಿತ್ರ ತೋರಿಸುತ್ತದೆ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ, ತುಳಸಿಮಾಲೆ ಹಾಕಿದ ಸೀನಿಯರ್ ಆರ್ಕಿಟೆಕ್ಟು ಕೂಡ ಒಂದರ ಹಿಂದೆ ಒಂದು ಬಾಟಲಿ ಸುರಿಸುತ್ತ ಕೂತಿರುವುದನ್ನು ಔಟರ್ ರಿಂಗ್ ರೋಡಿನ ಯಾವ ಆಫೀಸಿನಲ್ಲಾದರೂ ನೋಡಬಹುದು.

ಹೋಮ್‌ಬ್ರೂವನ್ನು 2009ರಲ್ಲಿ ಶುರು ಮಾಡಿದ ಮ್ಯಾಕ್ಸ್ ಹೋವೆಲ್ 2015ರಲ್ಲಿ ಗೂಗಲ್‌ನಲ್ಲಿ ಕೆಲಸಕ್ಕೆ ಸಂದರ್ಶನ ಕೊಟ್ಟ. ಕೆಲಸ ಸಿಗಲಿಲ್ಲ. ನಿಮ್ಮ ಎಂಜಿನಿಯರುಗಳಲ್ಲಿ ಹೆಚ್ಚಿನವರು ಬಳಸುವುದು ನಾನು ಬರೆದದ್ದನ್ನೇ, ಆದರೆ ಬೋರ್ಡಿನ ಮೇಲೆ ಬೈನರಿ ಟ್ರೀಯನ್ನು ತಿರುವುಮುರುವು ಮಾಡಲು ಬಾರದ್ದಕ್ಕೆ ನನ್ನನ್ನು ಕಳಿಸಿಬಿಟ್ಟಿರಿ ಎಂಬರ್ಥದಲ್ಲಿ, ಇಲ್ಲಿ ಅಚ್ಚು ಮಾಡಲಾಗದ ಒಂದು ಪದವನ್ನೂ ಸೇರಿಸಿ ಟ್ವೀಟ್ ಮಾಡಿದ. ಬೆಂಗಳೂರಿನ ಸಂದರ್ಶನ ಕೋಣೆಗಳು ಅದರಿಂದ ಪಾಠ ಕಲಿತವು. ಈಗ ಅಭ್ಯರ್ಥಿಗೆ ಎರಡು ಮರ ಕೊಡುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಸಭ್ಯರ ಬೀದಿ. ಜಾವಾಸ್ಕ್ರಿಪ್ಟಿನ ಎನ್‌ಪಿಎಂ ಪೇಟೆಗೆ ಕಾಲಿಟ್ಟರೆ ಅಲ್ಲಿಯ ಗದ್ದಲವೇ ಬೇರೆ. ಅಲ್ಲಿ ‘ಈಸ್-ಈವನ್’ ಎಂಬ ಪ್ಯಾಕೇಜು ಸಿಗುತ್ತದೆ. ಒಂದು ಸಂಖ್ಯೆ ಸಮವೋ ಅಲ್ಲವೋ ಎಂದು ಹೇಳುವುದಷ್ಟೇ ಅದರ ಕಸುಬು. ಮೂರನೆಯ ಕ್ಲಾಸಿನ ಮಗು ಬೆರಳು ಮಡಚದೆ ಹೇಳುವ ಈ ಉತ್ತರಕ್ಕೆ ಆ ಪ್ಯಾಕೇಜು ಏನು ಮಾಡುತ್ತದೆ ಗೊತ್ತೇ? ‘ಈಸ್-ಆಡ್’ ಎಂಬ ಇನ್ನೊಂದು ಪ್ಯಾಕೇಜನ್ನು ಕರೆದು, ಇದು ಬೆಸವೇ ಎಂದು ಕೇಳಿ, ಅದು ಹೇಳಿದ್ದನ್ನು ತಿರುಗಿಸಿ ಹೇಳುತ್ತದೆ. ‘ಈಸ್-ಆಡ್’ಗೂ ಸ್ವಂತ ಧೈರ್ಯವಿಲ್ಲ, ಅದು ‘ಈಸ್-ನಂಬರ್’ ಎಂಬ ಮೂರನೆಯದನ್ನು ಕರೆದು, ಸ್ವಾಮಿ, ಇದು ಸಂಖ್ಯೆಯಾದರೂ ಹೌದೇ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಕಡತ ಮೂರು ಟೇಬಲ್ ದಾಟಿದ ಮೇಲೆ ನಾಲ್ಕು ಸಮಸಂಖ್ಯೆ ಎಂದು ಆದೇಶ ಹೊರಡುತ್ತದೆ.

ಇಂಥದೇ ಒಂದು ಚಿಲ್ಲರೆ ಪ್ಯಾಕೇಜು 2016ರ ಮಾರ್ಚ್ 22ರಂದು ದೊಡ್ಡ ದೊಡ್ಡ ಕಂಪನಿಗಳ ಕೆಲಸವನ್ನು ಮಕಾಡೆ ಮಲಗಿಸಿತು. ಹೆಸರು ‘ಲೆಫ್ಟ್-ಪ್ಯಾಡ್’. ಒಟ್ಟು ಹನ್ನೊಂದು ಸಾಲು ಕೋಡು. ಪದದ ಎಡಕ್ಕೆ ಬೇಕಾದಷ್ಟು ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬಿ ಸಾಲು ಸರಿಮಾಡುವುದು ಅದರ ಕೆಲಸ. ಬರೆದವನು ಅಜೆರ್ ಕೊಚುಲು. ಅವನ ಇನ್ನೊಂದು ಪ್ಯಾಕೇಜಿನ ಹೆಸರು ‘ಕಿಕ್’. ಅದೇ ಹೆಸರಿನ ಮೆಸೇಜಿಂಗ್ ಆ್ಯಪ್ ನಡೆಸುವ ಕೆನಡಾದ ಕಂಪನಿ ಆ ಹೆಸರು ತನಗೆ ಬೇಕೆಂದಿತು, ಇವನು ಕೊಡುವುದಿಲ್ಲ ಎಂದ, ಎನ್‌ಪಿಎಂನವರು ಕಂಪನಿಯ ಕಡೆ ವಾಲಿದರು. ಸಿಟ್ಟಿಗೆದ್ದ ಕೊಚುಲು ತನ್ನ ಎಲ್ಲ ಪ್ಯಾಕೇಜುಗಳನ್ನೂ, ಇನ್ನೂರೈವತ್ತಕ್ಕೂ ಹೆಚ್ಚು, ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಟ್ಟ. ಅದರಲ್ಲಿ ಲೆಫ್ಟ್-ಪ್ಯಾಡೂ ಹೋಯಿತು. ಅದನ್ನು ನೆಚ್ಚಿಕೊಂಡದ್ದನ್ನು ಬೇಬಲ್ ಎಂಬ ಜನಪ್ರಿಯ ಸಲಕರಣೆ ನೆಚ್ಚಿಕೊಂಡಿತ್ತು, ಬೇಬಲನ್ನು ಊರೆಲ್ಲ ನೆಚ್ಚಿಕೊಂಡಿತ್ತು. ಕೋಟಿಗಟ್ಟಲೆ ಬಂಡವಾಳದ ಕಂಪನಿಗಳಲ್ಲಿ ಬಿಲ್ಡುಗಳು ಕೆಂಪಾದವು. ಎಡಕ್ಕೆ ಜಾಗ ಬಿಡುವುದು ಹೇಗೆಂದು ಯಾರಿಗೂ ನೆನಪಿರಲಿಲ್ಲ. ಕೆಲವು ಗಂಟೆಗಳಲ್ಲಿ ಎನ್‌ಪಿಎಂ, ಲೇಖಕ ಹಿಂತೆಗೆದುಕೊಂಡ ಪ್ಯಾಕೇಜನ್ನು ತಾನೇ ಮತ್ತೆ ಮೇಲಕ್ಕೆ ತಂದು ಕೂರಿಸಿತು. ಮುಕ್ತ ತಂತ್ರಾಂಶದಲ್ಲಿ ಯಾರು ಬೇಕಾದರೂ ಬರಬಹುದು. ಹೋಗುವವರಿಗೆ ಮಾತ್ರ ಅನುಮತಿ ಬೇಕು ಎಂದು ಅಂದು ಇತ್ಯರ್ಥವಾಯಿತು. ಹಾಗೆ ಹಿಂತೆಗೆದುಕೊಳ್ಳುವುದಕ್ಕೆ ನಿಯಮವೂ ಬಂತು.

ಇವೆಲ್ಲ ನಗುವ ಕಥೆಗಳು. ಎಕ್ಸ್‌ಝಡ್‌ನದು ಹಾಗಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು.

ಎಕ್ಸ್‌ಝಡ್ ಎಂದರೆ ಫೈಲುಗಳನ್ನು ಅದುಮಿ ಚಿಕ್ಕದು ಮಾಡುವ ಸಲಕರಣೆ. ಯಾರೂ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ. ಜೊತೆಗೆ ಬರುವ ಆ ನಲವತ್ತು ಮಂದಿಯಲ್ಲಿ ಅದು ಒಬ್ಬ. ಫಿನ್ಲೆಂಡಿನ ಲಾಸ್ಸೆ ಕೊಲಿನ್ ಎಂಬಾತ ಅದನ್ನು ವರ್ಷಗಟ್ಟಲೆ ಹೆಚ್ಚೂಕಮ್ಮಿ ಒಬ್ಬನೇ, ಬಿಟ್ಟಿಯಾಗಿ ನೋಡಿಕೊಳ್ಳುತ್ತಿದ್ದ. 2021ರ ಸುಮಾರಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಸಹಾಯಕ್ಕೆ ಬಂದರು. ಸಣ್ಣಪುಟ್ಟ ತಿದ್ದುಪಡಿ, ವಿನಯದ ಮಾತು, ಹೇಳಿದ ಹೊತ್ತಿಗೆ ಕೆಲಸ. 2022ರಲ್ಲಿ ಇದ್ದಕ್ಕಿದ್ದಂತೆ ಬೇರೆ ಕೆಲವರು ಕೊಲಿನ್‌ಗೆ ಮೇಲ್ ಮೇಲೆ ಮೇಲ್ ಹಾಕತೊಡಗಿದರು. ಕೆಲಸ ನಿಧಾನವಾಯಿತು, ಹೊಸ ಮೈಂಟೇನರ್ ಬಾರದೆ ಇದು ಮುಂದೆ ಸಾಗದು, ನಿನಗೆ ಆಸಕ್ತಿ ಹೋಗಿದೆ ಎಂದು ಕಾಡಿದರು. ಹಾಗೆ ಕಾಡಿದವರಲ್ಲಿ ಒಬ್ಬನ ಹೆಸರು ಜಿಗರ್ ಕುಮಾರ್.

ಆ ಹೆಸರಿನ ಮನುಷ್ಯ ಇದ್ದಾನೆಂಬುದಕ್ಕೆ ಯಾವ ಗುರುತೂ ಇಲ್ಲ. ಎಲ್ಲವೂ ಒಂದೇ ತಂಡದ ವೇಷಗಳು ಎಂಬುದು ತಿಳಿದವರ ಅಂದಾಜು. ತಂಡ ಯಾವುದೆಂದು ಈವರೆಗೆ ಹೊರಬಿದ್ದಿಲ್ಲ. ಆದರೆ ವೇಷ ಹಾಕಿದವನ ಜಾಣತನಕ್ಕೆ ಶಹಬ್ಬಾಸ್ ಹೇಳಲೇಬೇಕು. ಬಿಟ್ಟಿ ಚಾಕರಿ ಮಾಡುವವನನ್ನು ಗದರಿಸಲು ಯಾವ ಹೆಸರಿಟ್ಟರೆ ಸಹಜವಾಗಿ ಕಾಣುತ್ತದೆ ಎಂದು ಯೋಚಿಸಿ ಅವನು ನಮ್ಮ ಕಡೆಯದೇ ಹೆಸರು ಆರಿಸಿದಂತಿದೆ. ‘ಎನಿ ಅಪ್‌ಡೇಟ್?’ ಎಂದು ಮಧ್ಯಾಹ್ನಕ್ಕೊಮ್ಮೆ, ಮ್ಯಾನೇಜರನ್ನು ಸಿಸಿಯಲ್ಲಿಟ್ಟು ಸಂಜೆಗೊಮ್ಮೆ ಕೇಳುವ ದನಿ ಜಗತ್ತಿನ ಎಲ್ಲ ಮೈಂಟೇನರುಗಳಿಗೂ ಪರಿಚಿತ. ಅದರಲ್ಲಿ ಸಂಚು ಅಡಗಿದೆ ಎಂದು ಯಾರಿಗಾದರೂ ಅನಿಸುವುದಾದರೂ ಹೇಗೆ? ದಿನಾ ಬರುವ ನಿಜವಾದ ಮೇಲುಗಳೂ ಹಾಗೇ ಇರುತ್ತವೆ.

ಕೊಲಿನ್ ಉತ್ತರ ಬರೆದ. ತನಗೆ ಬಹುಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂಬುದನ್ನು ದಯವಿಟ್ಟು ನೆನಪಿಡಿ, ಜಿಯಾ ಟಾನ್‌ಗೆ ಮುಂದೆ ಹೆಚ್ಚಿನ ಜವಾಬ್ದಾರಿ ಕೊಡಬಹುದು ಎಂದ. ಕೊಟ್ಟ ಕೂಡ. 2024ರ ಫೆಬ್ರವರಿಯಲ್ಲಿ ಬಂದ 5.6.0 ಆವೃತ್ತಿಯ ಪರೀಕ್ಷಾ ಫೈಲುಗಳ ಒಳಗೆ, ಕೆಟ್ಟುಹೋದ ಮಾದರಿ ಎಂಬ ಹಣೆಪಟ್ಟಿ ಹಚ್ಚಿಕೊಂಡು, ಹಿಂಬಾಗಿಲೊಂದು ಅಡಗಿ ಕೂತಿತ್ತು. ಅದನ್ನು ಎಬ್ಬಿಸುವ ಸಾಲು ಎಲ್ಲರೂ ನೋಡುವ ಮೂಲ ಕೋಡಿನ ಭಂಡಾರದಲ್ಲಿ ಇರಲಿಲ್ಲ, ಪ್ಯಾಕೇಜು ಮಾಡುವವರು ಎತ್ತಿಕೊಳ್ಳುವ ಗಂಟಿನಲ್ಲಿ ಮಾತ್ರ ಇತ್ತು. ಡೆಬಿಯನ್ ಮತ್ತು ರೆಡ್ ಹ್ಯಾಟ್ ಬಳಗದ ಲಿನಕ್ಸುಗಳಲ್ಲಿ ಇದರ ಲೈಬ್ರರಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಬೆನ್ನಿಗೆ ಅಂಟಿಕೊಂಡು ಎಸ್‌ಎಸ್‌ಎಚ್ ತನಕ ಹೋಗುತ್ತಿತ್ತು. ದೂರದಿಂದ ಸರ್ವರಿಗೆ ಲಾಗಿನ್ ಆಗುವ ಬಾಗಿಲೇ ಎಸ್‌ಎಸ್‌ಎಚ್. ಗುಪ್ತ ಕೀಲಿ ಯಾರಲ್ಲಿ ಇದೆಯೋ ಅವರಿಗೆ ಆ ಬಾಗಿಲು ಪೂರ್ತಿ ತೆರೆದುಕೊಳ್ಳುತ್ತಿತ್ತು.

ಸಿಕ್ಕಿಬಿದ್ದದ್ದು ಹೇಗೆ? ನೋಡುವ ಕಣ್ಣು ಹೆಚ್ಚಿದಷ್ಟೂ ತಪ್ಪು ಬೇಗ ಕಾಣುತ್ತದೆ ಎಂದು ಮುಕ್ತ ತಂತ್ರಾಂಶದ ಭಾಷಣಗಳಲ್ಲಿ ಹೇಳುವುದುಂಟು. ಸಾವಿರ ಕಣ್ಣುಗಳೂ ಪಕ್ಕದ ಕಣ್ಣು ನೋಡಿರುತ್ತದೆ ಎಂದು ಮುಚ್ಚಿಕೊಂಡಿದ್ದವು. ಮೈಕ್ರೋಸಾಫ್ಟಿನಲ್ಲಿ ಕೆಲಸ ಮಾಡುವ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯುವವರಲ್ಲಿ ಒಬ್ಬನಾದ ಆಂಡ್ರೆಸ್ ಫ್ರಾಯಿಂಡ್‌ಗೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಅನಿಸಿತು. ಅರ್ಧ ಸೆಕೆಂಡು! ನಮ್ಮಲ್ಲಾದರೆ ಯಾರೋ ಟಿಕೆಟ್ ಹಾಕುತ್ತಿದ್ದರು, ಇನ್ನಾರೋ ನೆಟ್‌ವರ್ಕ್ ಇಶ್ಯೂ ಎಂದು ಬರೆಯುತ್ತಿದ್ದರು, ಮೂರನೆಯವರು ನಮ್ಮ ಮೆಷಿನ್‌ನಲ್ಲಿ ಸರಿ ಇದೆ ಎಂದು ಮುಚ್ಚುತ್ತಿದ್ದರು. ಆತ ಎಳೆ ಹಿಡಿದು ಜಗ್ಗುತ್ತ ಹೋಗಿ ಎಕ್ಸ್‌ಝಡ್ ತನಕ ಬಂದು, ಮಾರ್ಚ್ 29ರಂದು ಜಗತ್ತಿಗೆ ಹೇಳಿದ. ಅಷ್ಟರಲ್ಲಿ ಆ ಆವೃತ್ತಿ ಫೆಡೋರಾದ ಪ್ರಯೋಗದ ಕಂತುಗಳಿಗೂ ಡೆಬಿಯನ್ನಿನ ‘ಸಿಡ್’ಗೂ ನುಗ್ಗಿಯಾಗಿತ್ತು. ಡೆಬಿಯನ್ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರಿಡುತ್ತಾರೆ. ಸಿಡ್ ಎನ್ನುವುದು ಅದರಲ್ಲಿ ಆಟಿಕೆಗಳನ್ನು ಮುರಿದು ಹಾಕುವ ಪಕ್ಕದ ಮನೆ ಹುಡುಗ. ಪುಣ್ಯಕ್ಕೆ ಹಾಳಾಗಲೆಂದೇ ಇಟ್ಟ ಅಂಗಳದಲ್ಲೇ ವಿಷ ನಿಂತಿತು, ಸ್ಥಿರ ಆವೃತ್ತಿಗಳಿಗೆ ಇಳಿಯಲಿಲ್ಲ.

ಇಷ್ಟಾದ ಮೇಲೆ ಎಚ್ಚರ ಹೆಚ್ಚಿರಬೇಕು ಎಂದುಕೊಂಡಿರಾ? ಹೆಚ್ಚಿದೆ, ಎಕ್ಸೆಲ್ ಶೀಟಿನಲ್ಲಿ. ಸೈಬರ್ ಭದ್ರತೆ ನೋಡಿಕೊಳ್ಳುವ ನಮ್ಮ ಸರ್ಟ್-ಇನ್ ಸಂಸ್ಥೆ 2024ರಲ್ಲಿ, ಒಂದು ಸಾಫ್ಟ್‌ವೇರಿನೊಳಗೆ ಏನೇನು ಘಟಕಗಳಿವೆ ಎಂಬ ಪಟ್ಟಿ ಹೇಗಿರಬೇಕೆಂದು ಮಾರ್ಗಸೂಚಿ ಹೊರಡಿಸಿತು. ಒಳ್ಳೆಯ ಉದ್ದೇಶವೇ. ಕಂಪನಿಗಳು ಅದಕ್ಕೆ ಒಂದು ಟೂಲ್ ತಂದವು. ಆ ಟೂಲನ್ನು ಹಾಕಿಕೊಳ್ಳಲು ಒಂದು ಸಾಲಿನ ಕಮಾಂಡು ಇತ್ತು, ಕೊನೆಗೆ ವೈ ಒತ್ತಬೇಕಿತ್ತು.

ಈಗೀಗ ಆ ಬೆರಳಿಗೂ ಕೆಲಸವಿಲ್ಲ. ಕಮಾಂಡಿನ ಬಾಲಕ್ಕೆ ಒಂದು ಅಡ್ಡಗೆರೆ ಎಳೆದು ವೈ ಸೇರಿಸಿಬಿಟ್ಟರೆ ಆಪ್ಟ್ ಏನನ್ನೂ ಕೇಳುವುದಿಲ್ಲ. ಡಾಕರ್ ಫೈಲುಗಳಲ್ಲಿ ಆ ಬಾಲ ಖಾಯಂ. ರಾತ್ರಿಯಿಡೀ ಯಾರೂ ಇಲ್ಲದ ಡೇಟಾ ಸೆಂಟರುಗಳಲ್ಲಿ ಯಂತ್ರ ಯಂತ್ರವನ್ನು ಕೇಳಿ ಯಂತ್ರವೇ ಹೌದೌದು ಎನ್ನುತ್ತಿರುತ್ತದೆ. ಅದರ ಮೇಲೆ ಎಐ ಸಹಾಯಕರು ಬಂದಿದ್ದಾರೆ. ಇವರಿಗೆ ಒಂದು ವಿಶೇಷ ಪ್ರತಿಭೆ ಇದೆ, ಇಲ್ಲದ ಪ್ಯಾಕೇಜಿನ ಹೆಸರನ್ನು ಇದ್ದಂತೆಯೇ ಹೇಳುವುದು. ಅಂಥ ಹೆಸರು ಪದೇ ಪದೇ ಬರುವುದನ್ನು ಗಮನಿಸಿದ ಖದೀಮರು ಅದೇ ಹೆಸರಿನಲ್ಲಿ ಮುಂಚಿತವಾಗಿ ನಿಜವಾದ ಪ್ಯಾಕೇಜನ್ನೇ ಇಟ್ಟು ಕಾಯಬಹುದು ಎಂದು ಸಂಶೋಧಕರು ಎಚ್ಚರಿಸುತ್ತಿದ್ದಾರೆ. ಎಐ ಕಲ್ಪಿಸಿಕೊಳ್ಳುತ್ತದೆ, ಕಳ್ಳ ನನಸು ಮಾಡುತ್ತಾನೆ, ಬಾಲದ ವೈ ಇಬ್ಬರನ್ನೂ ಹರಸುತ್ತದೆ.

ಇನ್ನು ದುಡ್ಡಿನ ಮಾತು. ಎನ್‌ಪಿಎಂ ಇನ್‌ಸ್ಟಾಲ್ ಮುಗಿದ ಮೇಲೆ ಪರದೆಯ ಕೊನೆಯ ಸಾಲುಗಳನ್ನು ಒಮ್ಮೆ ಓದಿ. ಇಷ್ಟು ನೂರು ಪ್ಯಾಕೇಜು ಸೇರಿಸಿದೆ ಎಂದು ಒಂದು ಸಾಲು. ಇಷ್ಟು ಪ್ಯಾಕೇಜುಗಳು ಧನಸಹಾಯ ಹುಡುಕುತ್ತಿವೆ, ವಿವರಕ್ಕೆ ಎನ್‌ಪಿಎಂ ಫಂಡ್ ಎಂದು ಕೊಡಿ ಎಂದು ಇನ್ನೊಂದು. ಇಷ್ಟು ದೋಷಗಳಿವೆ ಎಂದು ಮತ್ತೊಂದು. ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ಏನಾದರೂ ನಂಟು ಇರಬಹುದೇ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿದ್ದಾಗ, ಅಂತರ್ಜಾಲದ ಅರ್ಧಕ್ಕರ್ಧ ಬೀಗಗಳನ್ನು ಮಾಡಿಕೊಡುತ್ತಿದ್ದ ಓಪನ್ ಎಸ್‌ಎಸ್‌ಎಲ್‌ಗೆ ದಾನವಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು ಎರಡು ಸಾವಿರ ಡಾಲರ್ ಎಂದು ಬಯಲಾಯಿತು. ಆ ಹಣದಲ್ಲಿ ಒಂದು ಐಟಿ ಕಂಪನಿಯ ಸ್ವಾತಂತ್ರ್ಯ ದಿನದ ಬಲೂನುಗಳೂ ಬರಲಾರವು.

ಎಲ್ಲರೂ ಹಾಗೆಂದರೆ ತಪ್ಪಾಗುತ್ತದೆ. ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ಘೋಷಿಸಿ, ಮುಕ್ತ ತಂತ್ರಾಂಶದ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಎತ್ತಿಟ್ಟಿತು. ಊರು ತುಂಬ ಸಾಫ್ಟ್‌ವೇರ್ ಮಾಡಿ ಮಾರುವವರೇ ಇದ್ದಾರೆ. ಹೀಗೆ ಕೈ ಎತ್ತಿ ಮುಂದೆ ಬಂದದ್ದು ಷೇರು ದಲ್ಲಾಳಿ ಕಂಪನಿ. ಮುಕ್ತ ತಂತ್ರಾಂಶಕ್ಕೆ ಕನ್ನಡ ತೀರಿಸಬೇಕಾದ ಸಾಲವೂ ಇದೆ. ಲಿನಕ್ಸಿನಲ್ಲಿ ಕನ್ನಡ ಅಕ್ಷರ ಮೂಡಬೇಕಾದರೆ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪ್ಯಾಕೇಜು ಕೇಳಿದರೆ ಸಾಕು. ಲೋಹಿತ್, ನವಿಲು, ಗುಬ್ಬಿ ಎಂಬ ಅಕ್ಷರಶೈಲಿಗಳು ಒಂದರ ಹಿಂದೆ ಒಂದು ಹಾರಿಬಂದು ಕೂರುತ್ತವೆ. ಒತ್ತಕ್ಷರದ ಬಾಲ ಎಲ್ಲಿ ತಿರುಗಬೇಕು, ಅರ್ಕಾವತ್ತು ಎಲ್ಲಿ ಕೂರಬೇಕು ಎಂದು ಯಾರೋ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದ ಫಲ ಅದು. ನವೆಂಬರ್ ಒಂದರಂದು ವೇದಿಕೆ ಹತ್ತುವ ಯಾರ ಬಾಯಲ್ಲೂ ಅವರ ಹೆಸರು ಬಂದದ್ದು ಕೇಳಿಲ್ಲ. ಶಾಲು ಹೊದಿಸುವುದಕ್ಕೆ ಹೆಗಲೂ ಕಾಣಬೇಕಲ್ಲ, ಪ್ಯಾಕೇಜಿಗೆ ಹೆಗಲಿಲ್ಲ.

ದುಡ್ಡು ಕೊಡದವರು ಸುಮ್ಮನಿರುತ್ತಾರೆ ಎಂದುಕೊಳ್ಳಬೇಡಿ. ಅವರಿಗೂ ಅಧಿಕಾರವಾಣಿ ಇದೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಕರ್ಲ್ ಎಂಬ ಕಮಾಂಡನ್ನು ಸಾಕುತ್ತಿದ್ದಾನೆ. ಜಾಲದಿಂದ ಏನನ್ನಾದರೂ ತರುವ ಈ ಪುಟ್ಟ ಸಲಕರಣೆ ಫೋನು, ಟೀವಿ, ಕಾರು ಎಲ್ಲದರಲ್ಲೂ ಇದೆ. ಲೈಸೆನ್ಸ್ ಪುಟದಲ್ಲಿ ಅವನ ಹೆಸರು ಮತ್ತು ಮೇಲ್ ವಿಳಾಸ ಇರುವುದರಿಂದ, ತಮ್ಮ ಕಾರಿನ ಪರದೆ ಕೆಲಸ ಮಾಡುತ್ತಿಲ್ಲ ಎಂದು ಅಪರಿಚಿತರು ಅವನಿಗೇ ದೂರು ಬರೆಯುತ್ತಾರೆ. ಅದಿರಲಿ, 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಬೇರೆಯೇ ಲೈಬ್ರರಿಯಲ್ಲಿ ಭಯಂಕರ ದೋಷ ಕಂಡು ಜಗತ್ತೇ ಕಂಗಾಲಾಗಿತ್ತು. ಮುಂದಿನ ತಿಂಗಳು ಅಮೆರಿಕದ ಫಾರ್ಚೂನ್ 500 ಪಟ್ಟಿಯ ದೊಡ್ಡ ಕಂಪನಿಯೊಂದರಿಂದ ಸ್ಟೆನ್‌ಬರ್ಗ್‌ಗೆ ಪತ್ರ ಬಂತು. ನಿಮ್ಮ ಉತ್ಪನ್ನ ನಾವು ಬಳಸುತ್ತಿದ್ದೇವೆ, ಅದರಲ್ಲಿ ಲಾಗ್‌ಫೋರ್‌ಜೆ ಇದೆಯೇ, ಏನು ಕ್ರಮ ಕೈಗೊಂಡಿದ್ದೀರಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಉತ್ತರಿಸಿ ಎಂದು ಪ್ರಶ್ನೆಗಳ ಪಟ್ಟಿ. ಕರ್ಲ್ ಬರೆದಿರುವುದು ಸಿ ಭಾಷೆಯಲ್ಲಿ, ಲಾಗ್‌ಫೋರ್‌ಜೆ ಜಾವಾದ್ದು. ಕೇಳಿದವರಿಗೆ ಅಷ್ಟೂ ಗೊತ್ತಿರಲಿಲ್ಲ. ಅವರ ಶೀಟಿನಲ್ಲಿ ಇವನೊಬ್ಬ ಸರಬರಾಜುದಾರ, ಅಷ್ಟೇ.

ಸಪೋರ್ಟ್ ಕರಾರಿಗೆ ಸಹಿ ಹಾಕೋಣ, ಆ ಕೂಡಲೇ ಎಲ್ಲಕ್ಕೂ ಸಂತೋಷದಿಂದ ಉತ್ತರ ಕೊಡುತ್ತೇನೆ ಎಂದು ಆತ ಬರೆದ. ಕಂಪನಿಯಿಂದ ಮರುಪತ್ರ ಬಂತು. ಹಾಗಾದರೆ ನಾವು ನಿಮ್ಮ ಗ್ರಾಹಕರಲ್ಲವೇ ಎಂಬುದು ಅದರ ಅಚ್ಚರಿ. ಪತ್ರದ ಒಕ್ಕಣೆಯಲ್ಲಿ ಡೇನಿಯಲ್ ಹೋಗಿ ಡೇವಿಡ್ ಆಗಿದ್ದ. ಆತ ಉತ್ತರವನ್ನು, ಬೈಬಲಿನಲ್ಲಿ ಡೇವಿಡ್ ಎದುರಿಸಿದ ದೈತ್ಯನ ನೆನಪಿಗೆ, ‘ಗೊಲ್ಯಾತನಿಗೆ ನಮಸ್ಕಾರ’ ಎಂಬ ಧಾಟಿಯಲ್ಲಿ ಆರಂಭಿಸಿ, ಇಲ್ಲ, ನೀವು ನಮ್ಮ ಗ್ರಾಹಕರಲ್ಲ ಎಂದು ತಿಳಿಸಿದ.